ದ್ವೀಪದವರಿಗೆಂದು ಕಾದಿಟ್ಟ ಕ್ಯಾಬಿನ್



ಸಾರ್ವಜನಿಕ ಸಾರಿಗೆ ಎಂದಾಗ ನಾವು ರಸ್ತೆ, ಬಸ್ಸು, ರೈಲುಗಳ ಬಗ್ಗೆ ಮಾತಾಡುತ್ತೇವೆ. ನಾನು ಇಂದು ಹಡಗಿನ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಸಂಜೆ ಹೊರಟು ಮರುದಿನ ಬೆಳಿಗ್ಗೆ ದಡ ಸೇರುವ ಹಡಗಿನೊಳಗಿನ ಮಲಗುವ ಕೋಣೆಯ ಬಗ್ಗೆ. ರಜೆಯ ದಿನಗಳಲ್ಲಿ ಹಡಗು ಕಿಕ್ಕಿರಿದಾಗ ಆ ಕೋಣೆಗಳಲ್ಲಿ ಕೆಲವನ್ನಾದರೂ ದ್ವೀಪದ ನಿವಾಸಿಗಳಿಗೆಂದು ಕಾದಿಡಬೇಕೇ? ಇಡಲೇಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ಹೇಳಲು ಮೊದಲು ತಮ್ಮನ್ನು ಬಹಳ ದೂರ ಕರೆದೊಯ್ಯುತ್ತೇನೆ. ಕೊನೆಗೆ ನಮ್ಮ ಕರಾವಳಿಗೇ ಬರುತ್ತೇನೆ.

ಸ್ಕಾಟ್ಲೆಂಡಿನ ನೆಲ ಮುಗಿದ ಮೇಲೂ ಉತ್ತರಕ್ಕೆ ಸಾಗಿದರೆ ಮೊದಲು ಆರ್ಕ್ನಿ, ಆಮೇಲೆ ಶೆಟ್‌ಲ್ಯಾಂಡ್ ದ್ವೀಪಗಳು ಸಿಗುತ್ತವೆ. ಶೆಟ್‌ಲ್ಯಾಂಡಿನಲ್ಲಿ ಸಣ್ಣದು ದೊಡ್ಡದು ಸೇರಿ ಸುಮಾರು ನೂರು ದ್ವೀಪಗಳಿವೆ. ಜನ ವಾಸವಾಗಿರುವುದು 16ರಲ್ಲಿ ಮಾತ್ರ, ಒಟ್ಟು ಜನಸಂಖ್ಯೆ ಸುಮಾರು 23,000. ಮೀನುಗಾರಿಕೆ, ಸಾಲ್ಮನ್ ಸಾಕಣೆ, ಕುರಿ, ಉಣ್ಣೆ, ಐವತ್ತು ವರ್ಷಗಳಿಂದೀಚೆಗೆ ಸಮುದ್ರದಡಿಯ ತೈಲ, ಇವು ಅಲ್ಲಿನವರ ಜೀವನಾಧಾರ. ಮುಖ್ಯ ಪಟ್ಟಣ ಲರ್‌ವಿಕ್. ಅಲ್ಲಿಂದ ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಸಮುದ್ರ. ನಡುವೆ ಸೇತುವೆಯ ಮಾತೇ ಇಲ್ಲ. ವಿಮಾನವಿದೆ, ಆದರೆ ದುಬಾರಿ. ದಕ್ಷಿಣ ತುದಿಯ ಸಂಬರ್ಗ್ ನಿಲ್ದಾಣದ ಮೇಲೆ ಬೇಸಿಗೆಯಲ್ಲೂ ಮಂಜು ಕವಿಯುತ್ತದೆ, ವಿಮಾನ ಇಳಿಯದೆ ಹಿಂದಿರುಗುತ್ತದೆ. ಕಾರು, ಪೀಠೋಪಕರಣ, ನಾಯಿ, ಗಾಲಿಕುರ್ಚಿ ಜೊತೆಗಿದ್ದವರಿಗೆ ಹಡಗೇ ಗತಿ.

ಆ ಹಡಗುಗಳು ಎರಡು. ಒಂದರ ಹೆಸರು ಯಾಲ್ಟ್‌ಲ್ಯಾಂಡ್, ಇನ್ನೊಂದರದು ರಾಸಿ. ಎರಡೂ ಫಿನ್ಲೆಂಡಿನ ರೌಮಾ ಎಂಬಲ್ಲಿ ಕಟ್ಟಿ 2002ರಲ್ಲಿ ಸೇವೆಗೆ ಬಂದವು. ಸಂಜೆ ಒಂದು ಅಬರ್ಡೀನಿನಿಂದ, ಇನ್ನೊಂದು ಲರ್‌ವಿಕ್ಕಿನಿಂದ ಹೊರಡುತ್ತದೆ. ರಾತ್ರಿ ನಡುಸಮುದ್ರದಲ್ಲಿ ಪರಸ್ಪರ ದಾಟುತ್ತವೆ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಎದುರು ದಡ ಸೇರುತ್ತವೆ. ನೇರ ಹೋದರೆ ಹನ್ನೆರಡೂವರೆ ಗಂಟೆ. ಆರ್ಕ್ನಿಯ ಕರ್ಕ್‌ವಾಲ್ ಮುಟ್ಟಿ ಹೋದರೆ ಹದಿನಾಲ್ಕು. ಒಂದೊಂದು ಹಡಗೂ ಸುಮಾರು 600 ಜನರನ್ನು ಒಯ್ಯಬಲ್ಲದು, ಆದರೆ ಅದರಲ್ಲಿ ಇರುವುದು ನೂರು ಚಿಲ್ಲರೆ ಕ್ಯಾಬಿನ್. ಕ್ಯಾಬಿನ್ ಸಿಗದವರು ಹಿಂದಕ್ಕೆ ಬಾಗುವ ಕುರ್ಚಿಯಲ್ಲೋ ಸಾಲಾಗಿ ಜೋಡಿಸಿದ ಒರಗುಪೀಠದಲ್ಲೋ ರಾತ್ರಿ ಕಳೆಯಬೇಕು. ಉತ್ತರ ಸಮುದ್ರ ಶಾಂತವಲ್ಲ. ಶೆಟ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ ಎರಡು ಕಡೆಯ ಸೆಳೆತಗಳು ಡಿಕ್ಕಿ ಹೊಡೆಯುವ ಜಾಗದಲ್ಲಿ ಹಡಗು ಹೊಯ್ದಾಡುವುದು ಆ ಮಾರ್ಗದವರಿಗೆಲ್ಲ ಗೊತ್ತು. ಕುರ್ಚಿಯಲ್ಲಿ ಕುಳಿತು ಅದನ್ನು ತಡೆದುಕೊಳ್ಳುವುದು ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಸಾಧ್ಯವಾಗಬಹುದು. ಎದೆಹಾಲು ಕುಡಿಯುವ ಕೂಸಿನ ತಾಯಿಗೆ, ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವ ಎಪ್ಪತ್ತರ ಅಜ್ಜಿಗೆ ಅದು ಹಿಂಸೆ.

ಆದ್ದರಿಂದ ಆ ಮಾರ್ಗದಲ್ಲಿ ಕ್ಯಾಬಿನ್ ಎಂಬುದನ್ನು ಶೋಕಿ ಎಂದು ನೋಡಬಾರದು. ನಾವು ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ರೈಲಿನಲ್ಲಿ ಬರುವಾಗ ಬರ್ತು ಕೇಳುವುದು ವೈಭೋಗಕ್ಕಲ್ಲ, ಬೆಳಿಗ್ಗೆ ಇಳಿದು ಕೆಲಸಕ್ಕೆ ಹೋಗಬೇಕೆಂದು. ಅಲ್ಲಿನದೂ ಅಷ್ಟೆ.

ಈಗ ಸಮಸ್ಯೆಗೆ ಬರುತ್ತೇನೆ. ಲರ್‌ವಿಕ್ಕಿನಲ್ಲಿ ಗಿಲ್ಬರ್ಟ್ ಬೇನ್ ಎಂಬ ಆಸ್ಪತ್ರೆ ಇದೆ. ದಿನನಿತ್ಯದ ಚಿಕಿತ್ಸೆಗೆ ಅದು ಸಾಕು; ದೊಡ್ಡ ಕಾಯಿಲೆಗೆ ತಜ್ಞರನ್ನು ಕಾಣಬೇಕಾದರೆ ಅಬರ್ಡೀನಿಗೇ ಹೋಗಬೇಕು. ಜುಲೈ ತಿಂಗಳಲ್ಲಿ ಒಬ್ಬರಿಗೆ ಆಸ್ಪತ್ರೆಯಿಂದ ಪತ್ರ ಬರುತ್ತದೆ ಎಂದಿಟ್ಟುಕೊಳ್ಳಿ: ಇನ್ನು ಹತ್ತು ದಿನಕ್ಕೆ ಬನ್ನಿ, ಜಾಗ ಖಾಲಿಯಾಗಿದೆ, ಬಿಟ್ಟರೆ ಮುಂದಿನ ದಿನಾಂಕ ಎಂದೋ ಗೊತ್ತಿಲ್ಲ ಎಂದು. ಅವರು ಹಡಗಿನ ಬುಕಿಂಗ್ ತೆರೆದು ನೋಡುತ್ತಾರೆ. ಕ್ಯಾಬಿನ್ ಇಲ್ಲ. ಯಾವತ್ತಿಗೂ ಇಲ್ಲ. ಜನವರಿ ಫೆಬ್ರವರಿಯಲ್ಲೇ ಪ್ರವಾಸಿಗಳು ಹಿಡಿದುಬಿಟ್ಟಿದ್ದಾರೆ.

ಪ್ರವಾಸಿಗಳ ತಪ್ಪೇನೂ ಇಲ್ಲ. ಜೂನಿನಲ್ಲಿ ಅಲ್ಲಿ ರಾತ್ರಿಯೇ ಕತ್ತಲಾಗುವುದಿಲ್ಲ. ಕಡಲಂಚಿನ ಬಿಲಗಳಲ್ಲಿ ಪಫಿನ್ ಹಕ್ಕಿಗಳು ಸಾವಿರಗಟ್ಟಲೆ ಗೂಡು ಮಾಡುತ್ತವೆ. 2013ರಿಂದ ಪ್ರಸಾರವಾಗುತ್ತಿರುವ ಪತ್ತೇದಾರಿ ಧಾರಾವಾಹಿಯೊಂದು ಆ ದ್ವೀಪಗಳ ಹೆಸರನ್ನು ಮನೆಮನೆಗೂ ಮುಟ್ಟಿಸಿದೆ. ಜನ ಹೋಗದೆ ಇರುತ್ತಾರೆಯೆ? ಅವರ ಜೊತೆಗೆ ಗುತ್ತಿಗೆ ಕೆಲಸದವರೂ ಇದ್ದಾರೆ. ನಡುದ್ವೀಪದಲ್ಲಿ 103 ಗಾಳಿಯಂತ್ರಗಳ ಯೋಜನೆಯೊಂದು ವರ್ಷಗಟ್ಟಲೆ ನಡೆದು 2024ರಲ್ಲಿ ವಿದ್ಯುತ್ ಕೊಡತೊಡಗಿತು. ಅಷ್ಟು ವರ್ಷವೂ ಕೆಲಸಗಾರರು ಬರುತ್ತ ಹೋಗುತ್ತ ಇದ್ದರು. ಚಳಿಗಾಲದಲ್ಲಿ ಜನ ಕಡಿಮೆ ನಿಜ. ಆದರೆ ಆಗಲೇ ಒಂದೊಂದು ಹಡಗನ್ನು ದುರಸ್ತಿಗೆಂದು ಹಡಗುಕಟ್ಟೆಗೆ ಎಳೆಯುತ್ತಾರೆ. ವಾರಗಟ್ಟಲೆ ಒಂದೇ ಹಡಗು ಓಡುತ್ತದೆ. ಜನವರಿಯ ಕೊನೆಯ ಮಂಗಳವಾರ ಅಪ್ ಹೆಲಿ ಆ ಎಂಬ ಬೆಂಕಿ ಹಬ್ಬ ಬರುತ್ತದೆ, ಊರು ಬಿಟ್ಟವರೆಲ್ಲ ಮನೆಗೆ ಬರಲು ಹವಣಿಸುವ ಕಾಲ ಅದು. ಜನ ಹೆಚ್ಚಾದಾಗಲೂ ಇಕ್ಕಟ್ಟು, ಹಡಗು ಕಡಿಮೆಯಾದಾಗಲೂ ಇಕ್ಕಟ್ಟು.

ಹೀಗಿರುವಾಗ ಬುಕಿಂಗಿನ ನಿಯಮ ಏನು? ಮೊದಲು ಬಂದವರಿಗೆ ಮೊದಲು. ಇದಕ್ಕಿಂತ ನ್ಯಾಯವಾದ ನಿಯಮ ಇಲ್ಲವೆಂದು ನಮಗೆಲ್ಲ ತೋರುತ್ತದೆ. ಪಡಿತರ ಅಂಗಡಿಯ ಸಾಲಿನಲ್ಲಿ ಅದು ನಿಜವಾಗಿಯೂ ನ್ಯಾಯ, ಏಕೆಂದರೆ ಸಾಲಿನಲ್ಲಿರುವ ಎಲ್ಲರಿಗೂ ಅಕ್ಕಿ ಬೇಕೆಂಬುದು ಒಂದೇ ದಿನ ಗೊತ್ತಾಗಿರುತ್ತದೆ. ಹಡಗಿನ ಬುಕಿಂಗಿನಲ್ಲಿ ಹಾಗಾಗುವುದಿಲ್ಲ. ಪ್ರವಾಸಿಗೆ ತಾನು ಜುಲೈ 18ಕ್ಕೆ ಹೋಗಬೇಕೆಂದು ಜನವರಿಯಲ್ಲೇ ಗೊತ್ತಿರುತ್ತದೆ. ರಜೆ ಅವನದೇ ತೀರ್ಮಾನ. ದ್ವೀಪದವಳಿಗೆ ತಂದೆ ತೀರಿಕೊಂಡ ಸುದ್ದಿ ಜುಲೈ 16ಕ್ಕೆ ಬರುತ್ತದೆ. ಮಗನಿಗೆ ನೌಕರಿಯ ಸಂದರ್ಶನದ ಕರೆ ವಾರವಷ್ಟೇ ಮೊದಲು ಬರುತ್ತದೆ. ಆಸ್ಪತ್ರೆ, ನ್ಯಾಯಾಲಯ, ಸಾವು, ಹೆರಿಗೆ ಇವುಗಳಲ್ಲಿ ಯಾವುದೂ ಆರು ತಿಂಗಳು ಮೊದಲು ತಿಳಿಸಿ ಬರುವುದಿಲ್ಲ. ಹೊರಟವರ ಅಗತ್ಯ ಎಷ್ಟು ಕಡಿಮೆಯೋ ಅಷ್ಟು ಮೊದಲು ಅವರು ಬುಕ್ ಮಾಡಬಲ್ಲರು. ಅಗತ್ಯ ಎಷ್ಟು ತೀವ್ರವೋ ಅಷ್ಟು ತಡವಾಗಿ ಬರುತ್ತಾರೆ. ಮೊದಲು ಬಂದವರಿಗೆ ಮೊದಲು ಎಂಬ ನಿಯಮವು ಈ ಮಾರ್ಗದಲ್ಲಿ ಅಗತ್ಯದ ಕ್ರಮವನ್ನೇ ತಿರುಗುಮುರುಗು ಮಾಡಿಬಿಡುತ್ತದೆ. ನನ್ನ ವಾದದ ತಿರುಳು ಇದು.

ಇದು ನಮಗೆ ಹೊಸ ವಿಚಾರವಲ್ಲ. ನಮ್ಮ ರೈಲ್ವೆ ಇದನ್ನು ಎಂದೋ ಒಪ್ಪಿಕೊಂಡಿದೆ. ಮುಂಗಡ ಬುಕಿಂಗಿನ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿಸಿದ್ದು ತಮಗೆ ನೆನಪಿರಬಹುದು. ತುರ್ತು ಕೋಟಾ ಇದೆ. 1997ರಲ್ಲಿ ತತ್ಕಾಲ್ ಬಂತು; ಒಂದಷ್ಟು ಬರ್ತುಗಳನ್ನು ಹೊರಡುವ ಹಿಂದಿನ ದಿನದವರೆಗೆ ಯಾರಿಗೂ ಕೊಡದೆ ಇಟ್ಟುಕೊಳ್ಳುವುದು ಅದರ ಮೂಲ ಉದ್ದೇಶ. ತತ್ಕಾಲ್ ಟಿಕೆಟ್ ಮಧ್ಯವರ್ತಿಗಳ ಪಾಲಾಯಿತೆಂಬ ದೂರು ಬೇರೆ ಮಾತು. ತಡವಾಗಿ ಹುಟ್ಟುವ ಅಗತ್ಯಕ್ಕೂ ರೈಲಿನಲ್ಲಿ ಜಾಗವಿರಬೇಕು ಎಂಬ ತತ್ವವನ್ನು ಯಾರೂ ತಪ್ಪೆನ್ನಲಿಲ್ಲ. ರೈಲು ತಪ್ಪಿದರೆ ಬಸ್ಸು ಸಿಗುವ ನಾಡಿನಲ್ಲಿ ಇಷ್ಟು ಎಚ್ಚರ ಬೇಕಾದರೆ, ಹಡಗು ತಪ್ಪಿದರೆ ಬೇರೇನೂ ಸಿಗದ ದ್ವೀಪದಲ್ಲಿ ಎಷ್ಟು ಬೇಕು?

ದ್ವೀಪದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇದೆಯಲ್ಲ, ಮತ್ತೆ ಮೀಸಲು ಏಕೆ ಎಂದು ಕೇಳುವವರಿದ್ದಾರೆ. ರಿಯಾಯಿತಿ ಇರುವುದು ನಿಜ. ಶೆಟ್‌ಲ್ಯಾಂಡ್, ಆರ್ಕ್ನಿಯ ಹಡಗಿನಲ್ಲಿ ನಿವಾಸಿಗಳಿಗೆ ಕಡಿಮೆ ದರ. ಸ್ಪೇನ್ ದೇಶವು ತನ್ನ ಬಾಲಿಯಾರಿಕ್ ಮತ್ತು ಕ್ಯಾನರಿ ದ್ವೀಪಗಳ ನಿವಾಸಿಗಳಿಗೆ ಮುಖ್ಯಭೂಮಿಗೆ ಹೋಗುವ ವಿಮಾನದರದಲ್ಲಿ 2018ರಿಂದ ಶೇ. 75ರಷ್ಟು ರಿಯಾಯಿತಿ ಕೊಡುತ್ತಿದೆ. ಒಳ್ಳೆಯದೇ. ಆದರೆ ಹಣದ ರಿಯಾಯಿತಿ ಇರುವ ಸೀಟನ್ನು ಅಗ್ಗ ಮಾಡುತ್ತದೆ, ಇಲ್ಲದ ಸೀಟನ್ನು ಹುಟ್ಟಿಸುವುದಿಲ್ಲ. ಕ್ಯಾಬಿನ್ ಮಾರಾಟವಾಗಿ ಹೋದ ಮೇಲೆ ದರ ಅರ್ಧವಾದರೇನು, ಕಾಲಾದರೇನು? ಸರ್ಕಾರಗಳಿಗೆ ಹಣ ಕೊಡುವುದು ಸುಲಭ, ಹಂಚಿಕೆಯ ನಿಯಮ ತಿದ್ದುವುದು ಕಷ್ಟ. ಹಾಗಾಗಿ ಅವು ಮೊದಲನೆಯದನ್ನೇ ಆರಿಸಿಕೊಳ್ಳುತ್ತವೆ.

ಮೀಸಲಿಗೆ ನಿಜವಾದ ಆಕ್ಷೇಪ ಬರುವುದು ದ್ವೀಪದೊಳಗಿನಿಂದಲೇ. ಅಲ್ಲಿ ಹೋಂಸ್ಟೇ ನಡೆಸುವವರಿದ್ದಾರೆ, ಟ್ಯಾಕ್ಸಿ ಓಡಿಸುವವರಿದ್ದಾರೆ, ಸ್ವೆಟರ್ ಹೆಣೆದು ಮಾರುವವರಿದ್ದಾರೆ. ಪ್ರವಾಸಿಗೆ ಕ್ಯಾಬಿನ್ ಸಿಗದಿದ್ದರೆ ಅವನು ಬರುವುದೇ ಇಲ್ಲ, ನಮ್ಮ ಹೊಟ್ಟೆಗೆ ಹೊಡೆತ ಎಂದು ಅವರು ಹೇಳುತ್ತಾರೆ. ಹಡಗು ನಡೆಸುವ ಕಂಪನಿಗೆ ಖಾಲಿ ಹೋಗುವ ಕ್ಯಾಬಿನ್ ನಷ್ಟ. ಆ ನಷ್ಟ ಕೊನೆಗೆ ಸರ್ಕಾರದ ಸಹಾಯಧನಕ್ಕೆ ಸೇರುತ್ತದೆ. ಈ ಮಾತನ್ನು ತಳ್ಳಿಹಾಕಬಾರದು. ದ್ವೀಪ ಬದುಕಬೇಕಾದರೆ ಅತಿಥಿಗಳೂ ಬೇಕು.

ಇದಕ್ಕೆ ಪರಿಹಾರ ಕಾಲಮಿತಿಯ ಮೀಸಲು. ಗಿರಾಕಿ ಹೆಚ್ಚಿರುವ ದಿನಗಳು ಯಾವುವೆಂದು ಬುಕಿಂಗ್ ತೆರೆಯುವ ಮುನ್ನವೇ ಪ್ರಕಟಿಸಬೇಕು. ಆ ದಿನಗಳಿಗೆ ಮಾತ್ರ ಒಂದಷ್ಟು ಕ್ಯಾಬಿನ್ ತಡೆದಿಡಬೇಕು. ಹೊರಡುವುದಕ್ಕೆ ಎರಡು ವಾರ ಇರುವಾಗ ಅದರಲ್ಲಿ ಅರ್ಧವನ್ನು ಎಲ್ಲರಿಗೂ ಬಿಡಬಹುದು. ಮೂರು ದಿನ ಇರುವಾಗ ಉಳಿದದ್ದರಲ್ಲಿ ಬಹುಪಾಲು ಬಿಡಬಹುದು. ಕೊನೆಯ ಎರಡು ಕ್ಯಾಬಿನ್‌ಗಳನ್ನು ಹಡಗು ಹೊರಡುವ ದಿನದ ಮಧ್ಯಾಹ್ನದವರೆಗೂ ರೋಗಿಗಳಿಗೆ, ಸಾವಿನ ಸುದ್ದಿ ಕೇಳಿ ಹೊರಟವರಿಗೆ ಇಟ್ಟುಕೊಳ್ಳಬಹುದು. ಅಂಕೆಗಳು ನನ್ನ ಸಲಹೆ, ಮಾರ್ಗಕ್ಕೆ ತಕ್ಕಂತೆ ಬದಲಾಗಲಿ. ಹೀಗೆ ಮಾಡಿದರೆ ಹಡಗು ಖಾಲಿ ಹೋಗುವುದಿಲ್ಲ. ಬೇಸಿಗೆಯಲ್ಲಿ ಬಿಟ್ಟ ಕ್ಯಾಬಿನ್ ಗಂಟೆಯೊಳಗೆ ಮಾರಾಟವಾಗುತ್ತದೆ, ಏಕೆಂದರೆ ಕುರ್ಚಿ ಹಿಡಿದ ಪ್ರವಾಸಿಗಳೇ ಅದಕ್ಕೆ ಕಾದಿರುತ್ತಾರೆ.

ಇದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು. ಹಿಂದೆ ಆ ಹಡಗುಗಳಲ್ಲಿ ಒಬ್ಬರೇ ಹೋಗುವವರು ನಾಲ್ಕು ಹಾಸಿಗೆಯ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆಯನ್ನಷ್ಟೆ ಕೊಳ್ಳಬಹುದಿತ್ತು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕೊರೊನಾ ಕಾಲದಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. ಆಮೇಲೆ ಒಬ್ಬನೇ ಪ್ರಯಾಣಿಕ ಇಡೀ ಕ್ಯಾಬಿನ್ ಕೊಳ್ಳಬೇಕಾಯಿತು, ಮೂರು ಹಾಸಿಗೆ ಖಾಲಿ ಉಳಿದವು. ಹೊಸ ಹಡಗು ಕಟ್ಟದೆ, ಒಂದು ರೂಪಾಯಿ ಖರ್ಚಿಲ್ಲದೆ ಹಾಸಿಗೆಗಳನ್ನು ಹೆಚ್ಚಿಸುವ ದಾರಿ ಅದನ್ನು ಮರಳಿ ತರುವುದು. ಅಪರಿಚಿತರ ಜೊತೆ ಮಲಗಲು ಇಷ್ಟವಿಲ್ಲದವರು ಹೆಚ್ಚು ಹಣ ಕೊಟ್ಟು ಪೂರ್ತಿ ಕ್ಯಾಬಿನ್ ತೆಗೆದುಕೊಳ್ಳಲಿ. ಆದರೆ ಒಂದು ಹಾಸಿಗೆ ಸಾಕೆನ್ನುವ ವಿದ್ಯಾರ್ಥಿಗೆ ಅದು ಸಿಗಬೇಕು.

ದ್ವೀಪದವರು ಯಾರು? ಸುಲಭವಾಗಿ ಕಾಣುವ ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ವಿಳಾಸವಿದ್ದವರು ಎಂದರೆ ನಿಯಮ ಬರೆಯುವುದು ಸಲೀಸು. ಆದರೆ ಗ್ಲ್ಯಾಸ್ಗೋದಲ್ಲಿ ಓದುವ ಮಗಳ ಹಾಸ್ಟೆಲ್ ವಿಳಾಸ ಗ್ಲ್ಯಾಸ್ಗೋದ್ದು. ಮುಖ್ಯಭೂಮಿಯಲ್ಲಿ ನೌಕರಿ ಹಿಡಿದ ಮಗನಿಗೆ ದ್ವೀಪದಲ್ಲಿ ಈಗ ಮನೆಯಿಲ್ಲ, ಹಾಸಿಗೆ ಹಿಡಿದ ತಾಯಿ ಮಾತ್ರ ಇದ್ದಾಳೆ. ಇವರು ಯಾರು? ಶೆಟ್‌ಲ್ಯಾಂಡಿನ ಹಡಗು ಕಂಪನಿಯು ದ್ವೀಪದವರು ತಮ್ಮ ಬಂಧುಮಿತ್ರರ ಹೆಸರು ಕೊಟ್ಟರೆ ಅವರಿಗೂ ರಿಯಾಯಿತಿ ಕೊಡುವ ಏರ್ಪಾಡು ಮಾಡಿದೆ. ಮೀಸಲಿಗೂ ಅದೇ ದಾರಿ ಸರಿಯಾದದ್ದು. ಮನೆಯಿರುವ ವ್ಯಕ್ತಿಗೆ ಹಕ್ಕು ಕೊಡಿ, ಆ ವ್ಯಕ್ತಿ ವರ್ಷಕ್ಕೆ ಇಂತಿಷ್ಟು ಸಲ ತನ್ನ ಮಕ್ಕಳಿಗೆ, ತನ್ನನ್ನು ನೋಡಿಕೊಳ್ಳಲು ಬರುವವರಿಗೆ ಅದನ್ನು ಕೊಡಲಿ. ಹುಟ್ಟನ್ನು ಅಳತೆಗೋಲು ಮಾಡಬಾರದು. ಹತ್ತು ವರ್ಷದ ಹಿಂದೆ ಬಂದು ನೆಲೆಸಿದ ನರ್ಸ್ ಅಲ್ಲಿಯೇ ಹುಟ್ಟಿದ ಮೀನುಗಾರನಷ್ಟೇ ದ್ವೀಪದವಳು. ಬೇಸಿಗೆಗೆ ಮಾತ್ರ ಬಂದು ಹೋಗುವ, ಎರಡನೆಯ ಮನೆ ಇಟ್ಟುಕೊಂಡ ಶ್ರೀಮಂತನಿಗೆ ಈ ಹಕ್ಕು ಬೇಡ.

ಸ್ಕಾಟ್ಲೆಂಡಿನಲ್ಲಿ 2018ರಲ್ಲಿ ದ್ವೀಪಗಳಿಗೆಂದೇ ಒಂದು ಕಾಯ್ದೆ ಬಂತು. ಸರ್ಕಾರದ ಹೊಸ ನೀತಿಯೊಂದು ದ್ವೀಪದ ಜನರ ಮೇಲೆ ಬೇರೆಯವರಿಗಿಂತ ಗಣನೀಯವಾಗಿ ಭಿನ್ನ ಪರಿಣಾಮ ಬೀರುವಂತಿದ್ದರೆ ಅದನ್ನು ಮೊದಲೇ ಅಳೆದು ನೋಡಬೇಕೆಂದು ಅದು ಹೇಳುತ್ತದೆ. ಪಶ್ಚಿಮ ಕರಾವಳಿಯ ಮಲ್, ಕಾಲ್, ಟೈರೀ ದ್ವೀಪಗಳ ಮಾರ್ಗದಲ್ಲಿ 2023ರಲ್ಲಿ ಒಂದು ಪ್ರಯೋಗವನ್ನೂ ಮಾಡಿದರು: ಹಡಗಿನ ವಾಹನಗಳ ಡೆಕ್ಕಿನಲ್ಲಿ ಕೆಲವು ಕಾರುಗಳ ಜಾಗವನ್ನು ತುರ್ತಾಗಿ ಹೋಗಬೇಕಾದ ನಿವಾಸಿಗಳಿಗೆಂದು ತಡೆದಿಟ್ಟರು. ಕಾರಿಗೆ ಮಾಡಿದ್ದನ್ನು ಹಾಸಿಗೆಗೆ ಮಾಡಲು ಅಡ್ಡಿ ಇರಬಾರದು.

ಈಗ ನಮ್ಮ ಕಡೆಗೆ ಬರೋಣ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಏರಿದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ಹೆಚ್ಚುಕಡಿಮೆ ದ್ವೀಪವೇ ಆದವು. ನಾಡಿಗೆ ಬೆಳಕು ಕೊಟ್ಟವರು ಎಂದು ಭಾಷಣದಲ್ಲಿ ಹೊಗಳಿಸಿಕೊಂಡ ಮುಳುಗಡೆ ಸಂತ್ರಸ್ತರು ಸಾಗರಕ್ಕೆ ಬರಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಾಯಿತು. ದಶಕಗಳು ಕಳೆದವು, ಆಚೆ ದಡದ ಸಿಗಂದೂರು ಚೌಡೇಶ್ವರಿ ದೇವಿಯ ಖ್ಯಾತಿ ಬೆಳೆಯಿತು. ಭಕ್ತರ ವಾಹನಗಳು ರಜಾದಿನಗಳಲ್ಲಿ ದಡದಲ್ಲಿ ಉದ್ದಕ್ಕೆ ಸಾಲುಗಟ್ಟತೊಡಗಿದವು. ಸಾಲು ಕಂಡವರಿಗೆ ಆಚೆ ದಡದ ತುಮರಿ ಊರಿನ ರೈತನ ಪಾಡು ಅರ್ಥವಾಗುತ್ತಿತ್ತು: ಆಸ್ಪತ್ರೆಗೆ, ಸಂತೆಗೆ, ಕಚೇರಿಗೆ ಬಂದವನು ಮನೆಗೆ ಮರಳಲು ದೇವರ ದರ್ಶನಕ್ಕೆ ಹೊರಟವರ ಹಿಂದೆ ನಿಲ್ಲಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಹೊಳೆ ದಾಟುವ ದಾರಿಯಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2025ರ ಜುಲೈ 14ರಂದು ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಗಿ ಆ ಬವಣೆ ತೀರಿತು. ಅರವತ್ತು ವರ್ಷ ಹಿಡಿಯಿತು. ಸೇತುವೆ ಕಟ್ಟಲಾಗದ ನೀರೂ ಇದೆ ಎಂಬುದನ್ನು ಮಾತ್ರ ನಾವು ಮರೆಯಬಾರದು.

ಅಂಥ ನೀರು ಮಂಗಳೂರಿನ ಎದುರಿಗೇ ಇದೆ. ಲಕ್ಷದ್ವೀಪವನ್ನು ನಾವು ಕೇರಳದ ಸಂಗತಿ ಎಂದು ತಿಳಿದಿದ್ದೇವೆ. ಆದರೆ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳು, ಅಮಿನ್‌ದಿವಿ ಎಂದು ಒಟ್ಟಾಗಿ ಕರೆಸಿಕೊಳ್ಳುವವು, 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅವು ಕಣ್ಣೂರಿನ ಅರಕ್ಕಲ್ ಮನೆತನದಿಂದ ಟಿಪ್ಪು ಸುಲ್ತಾನನ ಕೈಗೆ ಬಂದವು. 1799ರಲ್ಲಿ ಅವನು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಅವುಗಳನ್ನು ಮಂಗಳೂರಿನಿಂದ ಆಳಿತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ ಪಡೆಯಬೇಕು ಎಂಬ ಏರ್ಪಾಡಿತ್ತು. ಇಂದಿಗೂ ಮಂಗಳೂರಿನ ಹಳೆ ಬಂದರಿನ ಧಕ್ಕೆಯಿಂದ ಮಂಜಿ ಎಂಬ ಸರಕುದೋಣಿಗಳು ತರಕಾರಿ, ದಿನಸಿ, ಜಲ್ಲಿ, ಸಿಮೆಂಟು ಹೇರಿಕೊಂಡು ಆ ದ್ವೀಪಗಳಿಗೆ ಹೋಗುತ್ತವೆ. ಮಳೆಗಾಲ ಬಂತೆಂದರೆ ಅವುಗಳ ಓಡಾಟ ನಿಲ್ಲುತ್ತದೆ. ಹಾಗಾಗಿ ಅಲ್ಲಿನವರ ಹಡಗಿನ ಕಷ್ಟ ನಮಗೆ ಹೊರಗಿನವರ ಸುದ್ದಿಯಾಗಬಾರದು.

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. ಹತ್ತು ದ್ವೀಪಗಳಲ್ಲಿ ಜನರಿದ್ದಾರೆ. 2011ರ ಜನಗಣತಿಯಂತೆ ಸುಮಾರು 64,000 ಮಂದಿ. ಬಿತ್ರಾ ಎಂಬ ಪುಟ್ಟ ದ್ವೀಪದಲ್ಲಿ 271. ಕೊಚ್ಚಿಯಿಂದ ದೂರ 220ರಿಂದ 440 ಕಿಲೋಮೀಟರ್. ಹಡಗಿನಲ್ಲಿ ಹದಿನಾಲ್ಕರಿಂದ ಹದಿನೆಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಅದೂ ಚಿಕ್ಕ ವಿಮಾನ. ಹಲವು ಕಡೆ ಹವಳದ ದಿಬ್ಬ ಅಡ್ಡವಿರುವುದರಿಂದ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಮುದುಕರು, ಬಸುರಿಯರು, ಮಕ್ಕಳು ಅಲೆಗಳ ಮೇಲೆ ಹೊಯ್ದಾಡುವ ದೋಣಿಯಿಂದ ಹಡಗಿನ ಬಾಗಿಲಿಗೆ ಹತ್ತಬೇಕು. ಹಡಗಿನಲ್ಲಿ ಫಸ್ಟ್ ಕ್ಲಾಸಿನ ಎರಡು ಬರ್ತಿನ ಕ್ಯಾಬಿನ್, ಸೆಕೆಂಡ್ ಕ್ಲಾಸಿನ ನಾಲ್ಕು ಬರ್ತಿನ ಕ್ಯಾಬಿನ್, ಉಳಿದವರಿಗೆ ಬಂಕ್ ಕ್ಲಾಸ್. ದ್ವೀಪದವರಿಗೆ ದರ ಕಡಿಮೆ. ಅಲ್ಲಿಯೂ ಪ್ರಶ್ನೆ ದರದ್ದಲ್ಲ, ಟಿಕೆಟ್ ಸಿಗುವುದರದ್ದು.

700 ಜನರನ್ನು ಒಯ್ಯುವ ಕವರತ್ತಿ ಎಂಬ ದೊಡ್ಡ ಹಡಗಿನ ಎಂಜಿನ್ ಕೋಣೆಯಲ್ಲಿ 2021ರ ಡಿಸೆಂಬರಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಆಂಡ್ರೋತ್ ದ್ವೀಪದ ಬಳಿ, ಹಡಗಿನಲ್ಲಿ ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಹಡಗು ಸೇವೆಯಿಂದ ಹೊರಬಿತ್ತು. ಬೇರೆ ಹಡಗುಗಳೂ ಒಂದೊಂದಾಗಿ ದುರಸ್ತಿಗೆ ಹೋದವು. 2022ರಲ್ಲಿ ಟಿಕೆಟ್ಟಿಗಾಗಿ ದ್ವೀಪದವರು ಪಟ್ಟ ಪಾಡು, ಕೊಚ್ಚಿಯಲ್ಲಿ ಸಿಕ್ಕಿಹಾಕಿಕೊಂಡ ರೋಗಿಗಳು, ವಿದ್ಯಾರ್ಥಿಗಳು, ಬೀದಿಗಿಳಿದ ಪ್ರತಿಭಟನೆ, ಇವೆಲ್ಲ ಆಗಿನ ಪತ್ರಿಕೆಗಳಲ್ಲಿ ಬಂದಿವೆ. ಒಂದು ಹಡಗು ನಿಂತರೆ ಒಂದು ನಾಡಿನ ರಸ್ತೆಯೇ ಕಡಿದುಹೋಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಭೇಟಿ ಕೊಟ್ಟು ಕಡಲದಂಡೆಯ ಚಿತ್ರಗಳನ್ನು ಹಂಚಿಕೊಂಡರು. ದೇಶದ ಪ್ರವಾಸಿಗಳ ಕಣ್ಣೆಲ್ಲ ಲಕ್ಷದ್ವೀಪದ ಕಡೆಗೆ ತಿರುಗಿತು. ಅದೇ ವರ್ಷದ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ನೌಕೆ ಸುಮಾರು 160 ಪ್ರಯಾಣಿಕರೊಂದಿಗೆ ಮಂಗಳೂರಿನ ಹಳೆ ಬಂದರಿಗೆ ಏಳು ಗಂಟೆಯಲ್ಲಿ ಬಂದು ತಲುಪಿತು. ಕರಾವಳಿಯ ನಮಗೆಲ್ಲ ಸಂತೋಷವಾಯಿತು. ಅಂಥ ಸೇವೆ ಖಾಯಂ ಆಗಲಿ ಎಂದು ಕೇಳುವವರಲ್ಲಿ ನಾನೂ ಒಬ್ಬ. ಆದರೆ ಅದು ಖಾಯಂ ಆದ ದಿನ ನಮ್ಮೂರಿನ ಪ್ರವಾಸಿ ಏಜೆನ್ಸಿಗಳು ಸೀಟುಗಳನ್ನು ಗುಂಪುಗುಂಪಾಗಿ ಹಿಡಿಯುತ್ತವೆ. ಕಿಲ್ತಾನಿನಿಂದ ಮಂಗಳೂರಿನ ಆಸ್ಪತ್ರೆಗೆ ಬರಬೇಕಾದವರು ಆಗ ಎಲ್ಲಿ ನಿಲ್ಲಬೇಕು? ನಿಯಮವನ್ನು ಸೇವೆ ಆರಂಭವಾಗುವ ಮೊದಲೇ ಬರೆಯಬೇಕು. ಪ್ರವಾಸೋದ್ಯಮ ಬೇರೂರಿದ ಮೇಲೆ ಅದರ ಕೈಯಿಂದ ಸೀಟು ಬಿಡಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಲಕ್ಷದ್ವೀಪದಲ್ಲಿ ಈ ಕೆಲಸ ಶೆಟ್‌ಲ್ಯಾಂಡಿಗಿಂತ ಸುಲಭ. 1967ರ ನಿಯಮಗಳಂತೆ ಹೊರಗಿನವರು ಅಲ್ಲಿಗೆ ಹೋಗಲು ಪರವಾನಿಗೆ ಪಡೆಯಬೇಕು. ಆಡಳಿತಕ್ಕೆ ಯಾವ ದಿನ ಎಷ್ಟು ಪ್ರವಾಸಿಗಳು ಬರುತ್ತಾರೆಂದು ಅವರು ಹಡಗು ಹತ್ತುವ ಮೊದಲೇ ಗೊತ್ತು. ಪರವಾನಿಗೆಯ ಸಂಖ್ಯೆಯನ್ನು ಹಡಗಿನ ಬರ್ತಿನ ಲೆಕ್ಕಕ್ಕೆ ಜೋಡಿಸಿದರೆ ಸಾಕು. ಶಾಲಾ ರಜೆ, ಈದ್ ಹಬ್ಬದ ಹಿಂದುಮುಂದಿನ ವಾರ, ಮಳೆಗಾಲ ಹಿಡಿಯುವ ಮುಂಚಿನ ಕೊನೆಯ ಓಡಾಟ, ಈ ದಿನಗಳಲ್ಲಿ ಕ್ಯಾಬಿನ್ ಮೊದಲು ದ್ವೀಪದವರಿಗೆ, ಉಳಿದರೆ ಪ್ರವಾಸಿಗೆ. ಹೆಲಿಕಾಪ್ಟರಿನಲ್ಲಿ ಒಯ್ಯುವಷ್ಟು ವಿಷಮಿಸದ, ಆದರೆ ಬಂಕಿನಲ್ಲಿ ಹದಿನೆಂಟು ಗಂಟೆ ಮಲಗಲಾರದ ರೋಗಿಗಳು ಬಹಳ ಮಂದಿ. ಕ್ಯಾಬಿನ್ ಇರಬೇಕಾದದ್ದು ಅವರಿಗಾಗಿ.

ಮೀಸಲಿನಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಹಡಗು ಸಾಲದಿದ್ದಾಗ ಹಡಗು ಕಟ್ಟಲೇಬೇಕು. ಸ್ಕಾಟ್ಲೆಂಡಿನ ಸರ್ಕಾರ ಉತ್ತರದ ದ್ವೀಪಗಳಿಗಾಗಿ ಸರಕಿನ ಜೊತೆಗೆ ದಟ್ಟಣೆಯ ದಿನಗಳಲ್ಲಿ 200 ಪ್ರಯಾಣಿಕರನ್ನೂ ಒಯ್ಯಬಲ್ಲ ಎರಡು ಹೊಸ ಹಡಗುಗಳನ್ನು ಚೀನಾದ ಗ್ವಾಂಗ್‌ಝೌ ಹಡಗುಕಟ್ಟೆಯಲ್ಲಿ ಕಟ್ಟಿಸುತ್ತಿದೆ. ಈ ದಶಕದ ಕೊನೆಗೆ ಅವು ಬರಬೇಕು. ನಡುವಿನ ವರ್ಷಗಳಲ್ಲಿ ಕಾಯಿಲೆ ಬೀಳುವವರು, ಮಣ್ಣಿಗೆ ಹೋಗಬೇಕಾದವರು ಹಡಗಿಗಾಗಿ ಕಾಯಲಾರರು. ಮೀಸಲು ಬೇಕಾದದ್ದು ಈ ನಡುವಿನ ವರ್ಷಗಳಿಗೆ, ಹೊಸ ಹಡಗು ಬಂದ ಮೇಲೂ ಕಿಕ್ಕಿರಿಯುವ ವಾರಗಳಿಗೆ. ಹಾಗೆಯೇ, ಕೋಟಾ ಕೊಟ್ಟೆವಲ್ಲ ಎಂದು ಹೇಳಿ ಹೊಸ ಹಡಗಿನ ಕಡತವನ್ನು ಕಪಾಟಿಗೆ ಸೇರಿಸುವುದಕ್ಕೆ ಯಾವ ಅಧಿಕಾರಿಗೂ ಅವಕಾಶ ಕೊಡಬಾರದು.

ಈ ಸಭೆಯಲ್ಲಿ ಮಂಗಳೂರು, ಉಡುಪಿ ಕಡೆಯ ವಿದ್ಯಾರ್ಥಿಗಳು ಬಹಳ ಮಂದಿ ಇದ್ದೀರಿ. ನಿಮ್ಮ ಪೈಕಿ ಹಲವರು ಮುಂದೆ ಲಕ್ಷದ್ವೀಪಕ್ಕೆ ಪ್ರವಾಸ ಹೋಗುತ್ತೀರಿ, ಹೋಗಬೇಕು ಕೂಡ. ಕೆಲವರು ಬಂದರು, ಸಾರಿಗೆ, ಪ್ರವಾಸೋದ್ಯಮ ಇಲಾಖೆಗಳಲ್ಲಿ ಕುಳಿತು ಇಂಥ ನಿಯಮಗಳನ್ನು ಬರೆಯುವವರೂ ಆಗುತ್ತೀರಿ. ಹೋಗುವವರು ಈದ್ ಮತ್ತು ಶಾಲಾ ರಜೆಯ ವಾರಗಳನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ, ಕ್ಯಾಬಿನ್ ಬಿಟ್ಟು ಬಂಕಿನಲ್ಲಿ ಹೋಗಿ. ನಿಯಮ ಬರೆಯುವವರು ಮಂಗಳೂರು ಮಾರ್ಗದ ಮೊದಲ ವೇಳಾಪಟ್ಟಿಯಲ್ಲೇ, ಯಾರೂ ಅರ್ಜಿ ಹಿಡಿದು ಬರುವ ಮೊದಲೇ, ದ್ವೀಪದವರ ಪಾಲನ್ನು ಅಂಕೆಯಲ್ಲಿ ಬರೆದು ಪ್ರಕಟಿಸಿ.